ಜಪಾನ್ ಆಳಿದ ಕೊರಿಯಾ: ತೆರೆಯ ಮೇಲೆ ಕಾಣುವುದೆಲ್ಲ ನಿಜವಾ?

1910ರಿಂದ 1945ರವರೆಗೆ ಕೊರಿಯಾ ಜಪಾನಿನ ಕೈಯಲ್ಲಿತ್ತು. ಆ ಮೂವತ್ತೈದು ವರ್ಷದ ಕಥೆ ಹೇಳುವ ಸಿನಿಮಾಗಳು 2015ರಿಂದ ಈಚೆಗೆ ಕೊರಿಯಾದಲ್ಲಿ ಸಾಲುಸಾಲಾಗಿ ಬಂದಿವೆ. ಕೆಲವಕ್ಕೆ ಜನ ಮುಗಿಬಿದ್ದಿದ್ದಾರೆ. ಕೆ-ಡ್ರಾಮಾ ಹುಚ್ಚು ಹತ್ತಿದ ನಮ್ಮವರೂ ಸಬ್‌ಟೈಟಲ್ ಓದಿಕೊಂಡು ನೋಡುತ್ತಾರೆ. ಹಾಗಾದರೆ ಈ ಜನಪ್ರಿಯ ಸಿನಿಮಾಗಳು ಆ ಕಾಲದ ಬದುಕಿಗೆ ನ್ಯಾಯ ಒದಗಿಸಿವೆಯೇ? ಎರಡೂ ಕಡೆಯ ವಾದವನ್ನು ನಾನೇ ಬರೆದಿದ್ದೇನೆ. ಎರಡಕ್ಕೂ ಸಮ ತೂಕ ಸಿಕ್ಕಿದೆ ಅಂತ ಮಾತ್ರ ಹೇಳಲಾರೆ.

ಪರ: ಹೌದು, ಮುಚ್ಚಿಟ್ಟಿದ್ದನ್ನು ಹೊರಗೆ ತಂದವು

'ಅಸಾಸಿನೇಷನ್' 2015ರ ಸಿನಿಮಾ. ಅದರ ಕೊನೆಯಲ್ಲಿ ಕಥೆ 1949ಕ್ಕೆ ಬರುತ್ತದೆ. ಜಪಾನಿನವರು ಹೋಗಿ ನಾಲ್ಕು ವರ್ಷವಾಗಿದೆ. ಒಂದು ಕಾಲದಲ್ಲಿ ಹೋರಾಟಗಾರನಾಗಿದ್ದು, ಆಮೇಲೆ ತನ್ನವರನ್ನೇ ಹಿಡಿದುಕೊಟ್ಟ ಯೊಮ್ ಸೊಕ್-ಜಿನ್ ಕಟಕಟೆಯಲ್ಲಿ ನಿಂತಿದ್ದಾನೆ. ತಪ್ಪೊಪ್ಪಿಕೊಳ್ಳುವ ಮಾತು ದೂರ ಉಳಿಯಿತು, ಅಂಗಿ ಬಿಚ್ಚಿ ಮೈಮೇಲಿನ ಗುಂಡಿನ ಗಾಯಗಳನ್ನು ಒಂದೊಂದಾಗಿ ತೋರಿಸುತ್ತಾನೆ. ಸಾಕ್ಷಿ ನಿಲ್ಲುವುದಿಲ್ಲ, ಬಿಡುಗಡೆಯಾಗುತ್ತದೆ. ಹೊರಗೆ ಬಂದವನನ್ನು ಹಳೆಯ ಲೆಕ್ಕ ಬಾಕಿಯಿದ್ದ ಇಬ್ಬರು ಅಡ್ಡಗಟ್ಟುತ್ತಾರೆ. ಯಾಕೆ ಹೀಗೆ ಮಾಡಿದೆ ಅಂತ ಕೇಳಿದರೆ ಅವನ ಉತ್ತರ: ಗೊತ್ತಿರಲಿಲ್ಲ, ಸ್ವಾತಂತ್ರ್ಯ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ.

ಈ ಒಂದು ಮಾತಿಗಾಗಿ ಆ ಸಿನಿಮಾದ ಉಳಿದೆಲ್ಲ ಗುಂಡಿನ ಸದ್ದನ್ನು ನಾನು ಸಹಿಸಿಕೊಳ್ಳುತ್ತೇನೆ. ಪರರ ಆಳ್ವಿಕೆಯಲ್ಲಿ ಬದುಕುವುದು ಅಂದರೆ ಏನು ಅಂತ ಇದಕ್ಕಿಂತ ನೇರವಾಗಿ ಹೇಳುವುದು ಕಷ್ಟ. 1910ರಲ್ಲಿ ಹುಟ್ಟಿದ ಮಗುವಿಗೆ 1945ರ ಹೊತ್ತಿಗೆ ಮದುವೆಯಾಗಿ ಮಕ್ಕಳಾಗಿರುತ್ತವೆ. ಅದು ಹುಟ್ಟಿದಾಗಿನಿಂದ ಕಂಡಿದ್ದು ಒಂದೇ ಬಾವುಟ. 1945ರ ಆಗಸ್ಟ್ 15ಕ್ಕೆ ಎಲ್ಲ ಮುಗಿಯುತ್ತದೆ ಅಂತ ಇವತ್ತು ಇತಿಹಾಸ ಓದುವ ನಮಗೆ ಗೊತ್ತು. ಅವತ್ತು ಅದರೊಳಗೆ ಬದುಕುತ್ತಿದ್ದವರಿಗೆ ಗೊತ್ತಿರಲಿಲ್ಲ.

ಕೋರ್ಟಿನ ದೃಶ್ಯವೂ ಸುಮ್ನೆ ಕಟ್ಟಿದ್ದಲ್ಲ. ಜಪಾನಿಗೆ ಕೈಜೋಡಿಸಿದವರನ್ನು ಶಿಕ್ಷಿಸಲು ದಕ್ಷಿಣ ಕೊರಿಯಾ 1948ರಲ್ಲಿ ಕಾನೂನು ಮಾಡಿ ವಿಶೇಷ ಸಮಿತಿಯನ್ನೂ ರಚಿಸಿತು. 1949ರ ಜೂನ್‌ನಲ್ಲಿ ಪೊಲೀಸರೇ ಆ ಸಮಿತಿಯ ಕಚೇರಿಗೆ ನುಗ್ಗಿದರು. ಯಾಕೆಂದರೆ ಹೊಸ ಸರ್ಕಾರದ ಪೊಲೀಸ್ ಇಲಾಖೆಯಲ್ಲಿ ಜಪಾನಿಗಳ ಕೈಕೆಳಗೆ ದುಡಿದವರೇ ತುಂಬಿದ್ದರು. ಅಧ್ಯಕ್ಷ ಸಿಂಗ್‌ಮನ್ ರೀಗೂ ಅವರು ಬೇಕಾಗಿದ್ದರು. ಸಮಿತಿ ಅಲ್ಲಿಗೆ ಮಲಗಿತು. ಆಮೇಲೆ ದಶಕಗಳ ಕಾಲ ಈ ಮಾತೆತ್ತುವುದೇ ಕಷ್ಟವಾಯಿತು. ಜಪಾನಿಗೆ ನೆರವಾದವರ ನಿಘಂಟು ಅಂತ 4,389 ಹೆಸರುಗಳ ಪುಸ್ತಕ ಹೊರಬಂದಿದ್ದು 2009ರಲ್ಲಿ. ಹದಿನೆಂಟು ವರ್ಷ ದೇಶ ಆಳಿದ ಪಾರ್ಕ್ ಚುಂಗ್-ಹೀ ಹೆಸರೂ ಅದರಲ್ಲಿತ್ತು. ನಿಘಂಟನ್ನು ಎಷ್ಟು ಜನ ಓದುತ್ತಾರೆ ಹೇಳಿ? 'ಅಸಾಸಿನೇಷನ್' ಟಿಕೆಟ್ ಕೊಂಡವರು ಒಂದು ಕೋಟಿ ಇಪ್ಪತ್ತೇಳು ಲಕ್ಷ. ಇಡೀ ದೇಶದ ಜನಸಂಖ್ಯೆಯೇ ಐದು ಕೋಟಿ ಚಿಲ್ಲರೆ.

ಜಪಾನಿಯರನ್ನೆಲ್ಲ ರಾಕ್ಷಸರನ್ನಾಗಿ ಮಾಡುತ್ತಾರೆ ಅನ್ನುವ ದೂರು ಹಳೆಯದು. ಎಲ್ಲ ಸಿನಿಮಾಗಳಿಗೂ ಅದು ಹೊಂದುವುದಿಲ್ಲ. 2017ರ 'ಅನಾರ್ಕಿಸ್ಟ್ ಫ್ರಮ್ ಕಾಲನಿ' ನೋಡಿ. 1923ರ ಕಾಂಟೊ ಭೂಕಂಪದ ನಂತರ ಟೋಕಿಯೊ ಸುತ್ತಮುತ್ತ ಕೊರಿಯನ್ನರು ಬಾವಿಗೆ ವಿಷ ಹಾಕುತ್ತಿದ್ದಾರೆ ಅಂತ ಗಾಳಿಸುದ್ದಿ ಹಬ್ಬಿ ಸಾವಿರಾರು ಕೊರಿಯನ್ನರ ಕೊಲೆಯಾಯಿತು. ಆ ಹತ್ಯಾಕಾಂಡವನ್ನು ಮುಚ್ಚಿಹಾಕಲು ಸರ್ಕಾರ ಪಾಕ್ ಯೊಲ್ ಎಂಬ ಕ್ರಾಂತಿಕಾರಿಯ ಮೇಲೆ ರಾಜದ್ರೋಹದ ಕೇಸು ಹಾಕುವ ಕಥೆ ಅದು. ಅವನ ಪಕ್ಕದಲ್ಲಿ ನಿಲ್ಲುವವಳು ಕನೆಕೊ ಫುಮಿಕೊ, ಜಪಾನಿ ಹುಡುಗಿ. ಸಿನಿಮಾದ ಜೀವವೇ ಅವಳು. ಅವರ ಪರ ವಾದಿಸುವ ಫುಸೆ ತಾತ್ಸುಜಿ ಕೂಡ ಜಪಾನಿ ವಕೀಲರು. ನಿಜ ಜೀವನದ ಈ ವಕೀಲರಿಗೆ ಕೊರಿಯಾ ಸರ್ಕಾರ 2004ರಲ್ಲಿ ಮರಣೋತ್ತರ ಗೌರವ ಕೊಟ್ಟಿದೆ. ಅಂದರೆ ಸಿಟ್ಟು ಯಾರ ಮೇಲೆ ಅನ್ನುವುದರಲ್ಲಿ ಈ ಸಿನಿಮಾಕ್ಕೆ ಗೊಂದಲವಿಲ್ಲ.

ಅದೇ ನಿರ್ದೇಶಕ ಲೀ ಜೂನ್-ಇಕ್ ಒಂದು ವರ್ಷ ಮುಂಚೆ ಮಾಡಿದ್ದು 'ಡೊಂಗ್-ಜು'. ಕಪ್ಪು-ಬಿಳುಪು ಚಿತ್ರ. ಕವಿ ಯುನ್ ಡೊಂಗ್-ಜು ಮತ್ತು ಅವನ ಸೋದರತ್ತೆಯ ಮಗ ಸೊಂಗ್ ಮೊಂಗ್-ಗ್ಯು, ಇಬ್ಬರೂ 1945ರ ಫೆಬ್ರವರಿ, ಮಾರ್ಚ್‌ನಲ್ಲಿ ಫುಕುವೊಕಾ ಜೈಲಿನಲ್ಲಿ ಸತ್ತವರು. ಸ್ವಾತಂತ್ರ್ಯಕ್ಕೆ ಆರು ತಿಂಗಳೂ ಉಳಿದಿರಲಿಲ್ಲ. ವಿಚಾರಣೆ ಕೋಣೆಯಲ್ಲಿ ಪೊಲೀಸ್ ಅಧಿಕಾರಿ ಇಬ್ಬರ ಮುಂದೆಯೂ ತಪ್ಪೊಪ್ಪಿಗೆ ಪತ್ರ ಇಡುತ್ತಾನೆ. ದಂಗೆಗೆ ಸಂಚು ಮಾಡಿದೆವು, ವಿದ್ಯಾರ್ಥಿಗಳನ್ನು ಒಟ್ಟುಗೂಡಿಸಿದೆವು ಅಂತ ಅದರಲ್ಲಿ ಬರೆದಿದೆ. ಮೊಂಗ್-ಗ್ಯು ಓದುತ್ತಾ ಓದುತ್ತಾ ಅಳುತ್ತಾನೆ. ಇಷ್ಟೆಲ್ಲ ಮಾಡಲು ಆಗಲಿಲ್ಲವಲ್ಲ ಅಂತ ಅವನಿಗೆ ಸಂಕಟ, ಸಹಿ ಹಾಕುತ್ತಾನೆ. ಡೊಂಗ್-ಜು ಸಹಿ ಹಾಕುವುದಿಲ್ಲ. ಇದರಲ್ಲಿ ಬರೆದದ್ದನ್ನು ಮಾಡಲಾರದೆ ಹೋದೆ, ಆ ನಾಚಿಕೆಯಿಂದಲೇ ಸಹಿ ಹಾಕಲಾರೆ ಅನ್ನುತ್ತಾನೆ. ಬಂದೂಕು ಹಿಡಿಯದವನೊಬ್ಬ, ಜಪಾನಿಗೆ ಓದಲು ಹೋಗಬೇಕು ಅಂತ ತನ್ನ ಹೆಸರನ್ನೇ ಹಿರನುಮಾ ಅಂತ ಬದಲಿಸಿಕೊಂಡವನು, ಒಂದು ಸಿನಿಮಾದ ನಡುವೆ ನಿಂತಿದ್ದಾನೆ. ಆ ಕಾಲದಲ್ಲಿ ಹಾಗೆ ಬದುಕಿದವರು ಎಷ್ಟು ಜನ!

ಇನ್ನು ದೊಡ್ಡ ತಾರೆಯರ ಸಿನಿಮಾಗಳಲ್ಲೂ ಈ ಹೊಯ್ದಾಟ ಕಾಣುತ್ತದೆ. 'ದಿ ಏಜ್ ಆಫ್ ಶ್ಯಾಡೋಸ್' ನಲ್ಲಿ ಸೊಂಗ್ ಕಾಂಗ್-ಹೊ ಜಪಾನಿ ಪೊಲೀಸ್ ಇಲಾಖೆಯ ಕೊರಿಯನ್ ಅಧಿಕಾರಿ. ಅವನು ಯಾರ ಕಡೆ ಅಂತ ಅವನಿಗೇ ಬಹಳ ಹೊತ್ತು ತಿಳಿಯುವುದಿಲ್ಲ. 'ಮಲ್-ಮೊ-ಇ' ನಲ್ಲಿ ಮಗನ ಶಾಲೆ ಫೀಸಿಗೆ ದುಡ್ಡಿಲ್ಲದೆ ಬ್ಯಾಗ್ ಕದಿಯುವ ಅಕ್ಷರ ಬಾರದ ಅಪ್ಪ, ಕೊರಿಯನ್ ನಿಘಂಟು ಕಟ್ಟುವವರ ಜೊತೆ ಸೇರಿಕೊಳ್ಳುತ್ತಾನೆ. ಆ ಅಪ್ಪ ಕಲ್ಪನೆ, ನಿಘಂಟು ನಿಜ. 1942ರಲ್ಲಿ ಅದನ್ನು ಮಾಡುತ್ತಿದ್ದವರನ್ನು ಹಿಡಿದು ಜೈಲಿಗೆ ಹಾಕಿದರು. ಇಬ್ಬರು ಅಲ್ಲೇ ಸತ್ತರು. ಪೊಲೀಸರು ಒಯ್ದಿದ್ದ ಹಸ್ತಪ್ರತಿ 1945ರ ಸೆಪ್ಟೆಂಬರ್‌ನಲ್ಲಿ ಸಿಯೋಲ್ ರೈಲು ನಿಲ್ದಾಣದ ಗೋದಾಮಿನಲ್ಲಿ ಸಿಕ್ಕಿತು. ಒಂದೆರಡು ಹಾಡು, ನಗು, ಕಣ್ಣೀರು ಬೆರೆಸದಿದ್ದರೆ ಈ ಕಥೆಯನ್ನು ಲಕ್ಷಗಟ್ಟಲೆ ಜನ ಕೂತು ನೋಡುತ್ತಿದ್ದರಾ?

ದುಡ್ಡಿನ ವ್ಯಾಪಾರ ಅಂತ ಮೂಗು ಮುರಿಯುವವರಿಗೆ 'ಸ್ಪಿರಿಟ್ಸ್ ಹೋಮ್‌ಕಮಿಂಗ್' ನೆನಪಿಸಬೇಕು. ಜಪಾನಿ ಸೈನಿಕರ ಲೈಂಗಿಕ ದಾಸ್ಯಕ್ಕೆ ಎಳೆದೊಯ್ದ ಹುಡುಗಿಯರ ಕಥೆ. ಬದುಕುಳಿದು ಬಂದ ಕಾಂಗ್ ಇಲ್-ಚುಲ್ ಬಿಡಿಸಿದ ಒಂದು ಚಿತ್ರದಿಂದ ಇದು ಹುಟ್ಟಿತು. ಬಂಡವಾಳ ಸಿಗದೆ ವರ್ಷಗಟ್ಟಲೆ ನಿಂತಿತ್ತು. ಕೊನೆಗೆ 75 ಸಾವಿರಕ್ಕೂ ಜಾಸ್ತಿ ಸಾಮಾನ್ಯ ಜನ ಕೈಲಾದಷ್ಟು ದುಡ್ಡು ಹಾಕಿದರು.

ವಿರೋಧ: ಇಲ್ಲ, ಬದುಕು ಬಿಟ್ಟು ಉಳಿದದ್ದೆಲ್ಲ ಇದೆ

ಅದೇ 'ಅಸಾಸಿನೇಷನ್', ಅದೇ ಕೊನೆಯ ದೃಶ್ಯ. ಗೊತ್ತಿರಲಿಲ್ಲ ಅಂದವನಿಗೆ ಏನಾಗುತ್ತದೆ? ಗುಂಡು ಬೀಳುತ್ತದೆ. ದ್ರೋಹಿಯಾದರೆ ಅವನನ್ನು ಕೊಲ್ಲಿ ಅಂತ ಹೋರಾಟಗಾರರಿಗೆ ಹದಿನಾರು ವರ್ಷದ ಹಿಂದೆ ಸಿಕ್ಕಿದ್ದ ಆದೇಶ ಪಾಲನೆಯಾಗುತ್ತದೆ. ನೋಡುವವರ ಎದೆ ಹಗುರ. ಈ ಹಗುರವೇ ನನ್ನ ತಕರಾರು. ನಿಜವಾದ ಕೊರಿಯಾದಲ್ಲಿ ಆ ಗುಂಡು ಹಾರಲಿಲ್ಲ. ಅಂಥವರು ಬಡ್ತಿ ಪಡೆದರು, ಆಸ್ತಿ ಮಾಡಿದರು, ಮುದುಕರಾಗಿ ಹಾಸಿಗೆಯಲ್ಲಿ ಸತ್ತರು. ಕೈಜೋಡಿಸಿದವರ ಆಸ್ತಿ ಮುಟ್ಟುಗೋಲು ಹಾಕುವ ಕಾನೂನು ಬಂದಿದ್ದೇ 2005ರಲ್ಲಿ. ಇತಿಹಾಸ ಬಾಕಿ ಉಳಿಸಿದ್ದನ್ನು ಸಿನಿಮಾ ಎರಡು ಗಂಟೆಯಲ್ಲಿ ಚುಕ್ತಾ ಮಾಡಿ ಕಳಿಸಿದರೆ, ಪ್ರೇಕ್ಷಕ ಆ ಬಾಕಿಯ ಬಗ್ಗೆ ಮತ್ತೆ ಯಾಕೆ ಯೋಚಿಸುತ್ತಾನೆ?

'ದಿ ಬ್ಯಾಟಲ್‌ಶಿಪ್ ಐಲ್ಯಾಂಡ್' ಇನ್ನೂ ಮುಂದೆ ಹೋಯಿತು. ನಾಗಸಾಕಿ ಬಳಿಯ ಹಾಶಿಮಾ ದ್ವೀಪದಲ್ಲಿ ಸಮುದ್ರದ ತಳದ ಕಲ್ಲಿದ್ದಲು ಗಣಿ. ಅಲ್ಲಿಗೆ ಬಲವಂತವಾಗಿ ಸಾಗಿಸಿದ ಕೊರಿಯನ್ ಕಾರ್ಮಿಕರು ಬಗ್ಗಿಕೊಂಡು, ಬೆವರಿಳಿಸಿಕೊಂಡು ಕಲ್ಲಿದ್ದಲು ಕಡಿದದ್ದು ನಿಜ. 2015ರಲ್ಲಿ ಆ ಜಾಗ ಯುನೆಸ್ಕೊ ಪಟ್ಟಿ ಸೇರಿದಾಗ ಕೊರಿಯಾ ಗಲಾಟೆ ಮಾಡಿದ್ದೂ ಸರಿಯೇ. ಸಿನಿಮಾ ಗಣಿಯೊಳಗಿನಿಂದಲೇ ಶುರುವಾಗುತ್ತದೆ, ಆ ಭಾಗ ಉಸಿರುಗಟ್ಟಿಸುತ್ತದೆ. ಆಮೇಲೆ? ನೂರಾರು ಜನ ಯುದ್ಧ ಮಾಡಿಕೊಂಡು ದ್ವೀಪದಿಂದ ತಪ್ಪಿಸಿಕೊಳ್ಳುತ್ತಾರೆ. ಅಂಥ ಸಾಮೂಹಿಕ ಪಲಾಯನ ನಡೆದೇ ಇಲ್ಲ. ದಿನಾ ಗಣಿಗೆ ಇಳಿದು, ದಿನಾ ಮೇಲೆ ಬಂದು, ಮತ್ತೆ ಇಳಿಯುವುದೇ ಅವರ ನರಕವಾಗಿತ್ತು. ಅದನ್ನು ತೋರಿಸಲು ತಾಳ್ಮೆ ಬೇಕು. ಎರಡು ಸಾವಿರಕ್ಕೂ ಜಾಸ್ತಿ ಸ್ಕ್ರೀನ್‌ಗಳಲ್ಲಿ ಒಟ್ಟಿಗೆ ಬಿಡುಗಡೆಯಾಗುವ ಸಿನಿಮಾಕ್ಕೆ ಆ ತಾಳ್ಮೆ ಎಲ್ಲಿಂದ ಬರಬೇಕು? ನಡೆಯದ ಘಟನೆ ಸೇರಿಸಿದ್ದರಿಂದ, ಇದೆಲ್ಲ ಕಟ್ಟುಕಥೆ ಅನ್ನಲು ಕಾಯುತ್ತಿದ್ದ ಜಪಾನಿನ ಬಲಪಂಥೀಯರಿಗೆ ಒಂದು ಆಯುಧ ಸಿಕ್ಕಂತಾಯಿತು. ಈ ಹಾನಿ ಸಣ್ಣದಲ್ಲ.

'ದಿ ಲಾಸ್ಟ್ ಪ್ರಿನ್ಸೆಸ್' ಬಗ್ಗೆ ಎರಡೇ ಮಾತು. ರಾಜಕುಮಾರಿ ಡೊಕ್ಹೆ 1925ರಲ್ಲಿ ಜಪಾನಿಗೆ ಹೋದವರು, ಮಾನಸಿಕ ಕಾಯಿಲೆಯಿಂದ ನರಳಿದವರು, 1962ರಲ್ಲಿ ತಾಯ್ನಾಡಿಗೆ ಮರಳಿದವರು. ಕನಿಕರ ಹುಟ್ಟಿಸಲು ಇಷ್ಟೇ ಸಾಕಲ್ವಾ? ಸಿನಿಮಾ ಅವರನ್ನು ಕಾರ್ಮಿಕರ ಮುಂದೆ ಭಾಷಣ ಮಾಡುವ ಹೋರಾಟಗಾರ್ತಿಯನ್ನಾಗಿ ಮಾಡಿತು. ರಾಜಮನೆತನ ಜಪಾನ್ ಸರ್ಕಾರದ ಭತ್ಯೆಯಲ್ಲಿ ಬದುಕಿತ್ತು ಅನ್ನುವ ಮುಜುಗರದ ವಿಷಯ ಬದಿಗೆ ಸರಿಯಿತು. ಕೊರಿಯಾದಲ್ಲೇ ಇದಕ್ಕೆ ಜೋರು ಟೀಕೆ ಬಂತು.

ಇನ್ನು ಬೆಡಗು. 1930ರ ದಶಕದ ಸಿಯೋಲ್ ತೆರೆಗೆ ಬಂದರೆ ಸಾಕು, ಟ್ರಾಮು, ಫೆಲ್ಟ್ ಹ್ಯಾಟು, ಕೆಫೆ, ಮಿತ್ಸುಕೋಶಿ ಡಿಪಾರ್ಟ್‌ಮೆಂಟ್ ಸ್ಟೋರಿನ ದೀಪಗಳು. 'ಅಸಾಸಿನೇಷನ್' ನಾಯಕಿ ಮದುವಣಗಿತ್ತಿಯ ಬಿಳಿ ಗೌನಿನಲ್ಲೇ ಬಂದೂಕು ಹಿಡಿಯುತ್ತಾಳೆ. ಜೊತೆಗೆ ಅವಳಿ ಅಕ್ಕತಂಗಿಯರು ಅದಲುಬದಲಾಗುವ ಹಳೇ ಸೂತ್ರ ಬೇರೆ. ನೋಡಲು ಚಂದವೇ. ನಾನೂ ಕಣ್ಣು ಮಿಟುಕಿಸದೆ ನೋಡಿದ್ದೇನೆ. ಆದರೆ ಆಗ ಕೊರಿಯಾದಲ್ಲಿದ್ದ ಎರಡು ಕೋಟಿಗೂ ಹೆಚ್ಚು ಜನರಲ್ಲಿ ಬಹುಪಾಲು ರೈತರು. ಅವರಲ್ಲೂ ಗೇಣಿದಾರರೇ ಹೆಚ್ಚು, ಬೆಳೆದದ್ದರಲ್ಲಿ ಅರ್ಧ ಅಥವಾ ಇನ್ನೂ ಹೆಚ್ಚು ಒಡೆಯನಿಗೆ ಅಳೆಯುತ್ತಿದ್ದವರು. ಜಪಾನಿನಲ್ಲಿ 1918ರಲ್ಲಿ ಅಕ್ಕಿಗಾಗಿ ದೊಂಬಿ ಆದ ಮೇಲೆ ಕೊರಿಯಾದ ಗದ್ದೆಗಳಲ್ಲಿ ಇಳುವರಿ ಹೆಚ್ಚಿಸುವ ಯೋಜನೆ ಹಾಕಿದರು. ಅಕ್ಕಿ ಬೆಳೆಯಿತು, ಗುನ್ಸಾನ್ ಬಂದರಿನಿಂದ ಹಡಗು ಹತ್ತಿತು. ಬೆಳೆದವರು ಮಂಚೂರಿಯಾದಿಂದ ತರಿಸಿದ ನವಣೆ ಬೇಯಿಸಿ ತಿಂದರು. ಆ ನವಣೆ ಗಂಜಿಯ ಬಟ್ಟಲು ಈ ಸಿನಿಮಾಗಳಲ್ಲಿ ಎಷ್ಟು ಸಲ ಕಂಡಿದೆ?

ನಾಟಕ ಇಲ್ಲದ ಬದುಕು ಅಂತಲೂ ಅಲ್ಲ. 1923ರಲ್ಲಿ ಆಮ್ತೆ ದ್ವೀಪದ ಗೇಣಿದಾರರು ಗೇಣಿಯನ್ನು ಶೇ. 40ಕ್ಕೆ ಇಳಿಸಿ ಅಂತ ಹಟ ಹಿಡಿದರು. ಸುಮಾರು ಒಂದು ವರ್ಷ ಹೋರಾಡಿದರು. ಮುಖಂಡರು ಜೈಲು ಸೇರಿದಾಗ ದೋಣಿ ಹತ್ತಿ ಮೊಕ್ಪೊ ಪಟ್ಟಣಕ್ಕೆ ಬಂದು ಕೋರ್ಟಿನ ಮುಂದೆ ಉಪವಾಸ ಕೂತರು. ಗೆದ್ದರು. ಎದುರಾಳಿ ಒಡೆಯ ಕೊರಿಯನ್, ಅವನ ಬೆನ್ನಿಗೆ ನಿಂತಿದ್ದು ಜಪಾನಿ ಪೊಲೀಸರು. 1931ರಲ್ಲಿ ಪ್ಯೊಂಗ್ಯಾಂಗಿನ ರಬ್ಬರ್ ಕಾರ್ಖಾನೆಯಲ್ಲಿ ಕೂಲಿ ಕಡಿತ ಮಾಡಿದಾಗ ಕಾಂಗ್ ಜುರ್ಯೊಂಗ್ ಎಂಬ ಹೆಣ್ಣುಮಗಳು ಊರಿನ ಹಳೆಯ ಮಂಟಪದ ಸೂರಿನ ಮೇಲೆ ಹತ್ತಿ ಕೂತಳು. ಸಿನಿಮಾ ಮಾಡಲು ಇದಕ್ಕಿಂತ ಏನು ಬೇಕು? ಆದರೆ ಇಲ್ಲಿ ಖಳ ಯಾರು ಅಂತ ಥಟ್ಟನೆ ಬೆರಳು ತೋರಿಸುವುದು ಕಷ್ಟ. ಒಡೆಯ, ಮಾಲೀಕ, ಪೊಲೀಸ್, ಸರ್ಕಾರ ಎಲ್ಲ ಹೆಣೆದುಕೊಂಡಿವೆ.

ಜನಪ್ರಿಯ ಸಿನಿಮಾಕ್ಕೆ ಬೇಕಾಗಿರುವುದು ಒಬ್ಬ ದ್ರೋಹಿ. ಯೊಮ್ ಸೊಕ್-ಜಿನ್ ಥರದವನು, ನೋಡಿದ ಕೂಡಲೇ ಉಗಿಯುವಂಥವನು. ಪರ ವಾದದಲ್ಲಿ ಹೊಗಳಿದ ಧೈರ್ಯ ಇಲ್ಲಿಗೆ ನಿಲ್ಲುತ್ತದೆ. 1940ರಲ್ಲಿ ಜಪಾನಿ ಶೈಲಿಯ ಹೆಸರು ಇಟ್ಟುಕೊಳ್ಳಿ ಅಂತ ಆದೇಶ ಬಂದಾಗ ಆರೇ ತಿಂಗಳಲ್ಲಿ ಶೇ. 80ರಷ್ಟು ಮನೆಗಳು ನೋಂದಾಯಿಸಿಕೊಂಡವು. ಮಕ್ಕಳ ಶಾಲೆ ಇತ್ತು, ಪಡಿತರ ಇತ್ತು, ನೌಕರಿ ಇತ್ತು. ಅವರೆಲ್ಲ ದ್ರೋಹಿಗಳೇ? ಹಳ್ಳಿಯ ಕಚೇರಿಯಲ್ಲಿ ಕೂತು ಯಾವ ಮನೆಯಿಂದ ಎಷ್ಟು ಅಕ್ಕಿ, ಯಾವ ಮನೆಯಿಂದ ಯಾವ ಮಗ ಅಂತ ಪಟ್ಟಿ ಬರೆದ ಕೊರಿಯನ್ ಗುಮಾಸ್ತ ಯಾರು? 'ಡೊಂಗ್-ಜು' ಇಂಥ ಪ್ರಶ್ನೆಯ ಹತ್ತಿರ ಹೋಗಿದೆ, ಒಪ್ಪುತ್ತೇನೆ. ಅದು ಸುಮಾರು 50 ಕೋಟಿ ವೊನ್‌ನಲ್ಲಿ ಮುಗಿಸಿದ ಸಣ್ಣ ಸಿನಿಮಾ. 'ದಿ ಬ್ಯಾಟಲ್‌ಶಿಪ್ ಐಲ್ಯಾಂಡ್' ಗೆ ಸುರಿದದ್ದು 2,000 ಕೋಟಿ ವೊನ್‌ಗೂ ಜಾಸ್ತಿ.

ತಪ್ಪು ನಿರ್ಮಾಪಕರದ್ದೇ ಅಂತಲೂ ಹೇಳುವಂತಿಲ್ಲ. 2005ರಲ್ಲಿ 'ಬ್ಲೂ ಸ್ವಾಲೋ' ಬಂತು. ಜಪಾನಿನಲ್ಲಿ ವಿಮಾನ ಹಾರಿಸಲು ಕಲಿತು 1933ರಲ್ಲಿ ಅಪಘಾತದಲ್ಲಿ ಸತ್ತ ಪಾಕ್ ಕ್ಯೊಂಗ್-ವೊನ್ ಕಥೆ. ಹಾರುವ ಆಸೆ ಅವಳದು, ಆ ಆಸೆಗೆ ಬೇಕಾದ ವಿಮಾನ ಆಳುವವರದು. ಎಂಥ ಇಕ್ಕಟ್ಟು! ಸಿನಿಮಾ ಬಿಡುಗಡೆಯಾಗುವ ಹೊತ್ತಿಗೆ ಜಪಾನ್ ಪರ ಹೆಂಗಸನ್ನು ಹೊಗಳಿದ್ದಾರೆ ಅಂತ ಹುಯಿಲೆದ್ದು, ಚಿತ್ರಮಂದಿರ ಖಾಲಿ ಹೊಡೆಯಿತು. 'ದಿ ಬ್ಯಾಟಲ್‌ಶಿಪ್ ಐಲ್ಯಾಂಡ್' ನಲ್ಲಿ ಕೊರಿಯನ್ ಖಳರನ್ನೂ ತೋರಿಸಿದ್ದಕ್ಕೆ ಬೈದವರೂ ಇದ್ದರು. ಬಂಡವಾಳ ಹಾಕುವವರು ಇದನ್ನೆಲ್ಲ ನೋಡುತ್ತಿರುತ್ತಾರೆ. ಹೀಗಾಗಿ ದೊಡ್ಡ ಸಿನಿಮಾಗಳು ಜುಲೈ ಕೊನೆ, ಆಗಸ್ಟ್ ಮೊದಲ ವಾರ ನೋಡಿಕೊಂಡು ಬರುತ್ತವೆ, ಆಗಸ್ಟ್ 15ರ ರಜೆಯ ಹೊತ್ತಿಗೆ ಟಿಕೆಟ್ ಓಡಲಿ ಅಂತ. 2019ರಲ್ಲಿ ಜಪಾನಿ ಸಾಮಾನುಗಳ ಬಹಿಷ್ಕಾರ ಜೋರಾಗಿದ್ದಾಗ 1920ರ ಕಾಳಗದ ಕಥೆಯೊಂದು ಆಗಸ್ಟ್ ಮೊದಲ ವಾರವೇ ತೆರೆ ಕಂಡಿತು, ಚೆನ್ನಾಗಿ ಓಡಿತು. ಆಮ್ತೆ ದ್ವೀಪದ ಗೇಣಿದಾರರು ಆ ವಾರಕ್ಕೆ ಹೊಂದುವುದಿಲ್ಲ. ಅವರು ಕೇಳಿದ್ದು ಶೇ. 40ರ ಗೇಣಿ, ಅದೂ ತಮ್ಮವನೇ ಆದ ಒಡೆಯನ ಹತ್ತಿರ.