ನಾಯಿ ಬಾಲ ಮತ್ತು ನನ್ನ ಎಂಜಿಬಿ

ಕಾರಿನ ಸಿಲಿಂಡರುಗಳಿಗೆ ಸರದಿ ಪ್ರಕಾರ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ಬಿಚ್ಚೋದಕ್ಕೆ ಇಪ್ಪತ್ತು ನಿಮಿಷ ಸಾಕು. ಜೋಡಿಸೋದಕ್ಕೆ ಎಷ್ಟು ಹೊತ್ತು ಬೇಕು ಅಂತ ಮಾತ್ರ ನನ್ನ ಹೆಂಡತಿಯನ್ನು ಕೇಳಬೇಡಿ. ಮೂರು ವಾರ ಅದರ ಬಿಡಿಭಾಗಗಳು ನಮ್ಮ ಊಟದ ಮೇಜನ್ನು ಆಳಿದವು. ನಾವು ಸೋಫಾ ಮೇಲೆ ತಟ್ಟೆ ಇಟ್ಟುಕೊಂಡು ಉಂಡೆವು.

ಕಾರು 1967ರ ಎಂಜಿಬಿ, ಇಂಗ್ಲೆಂಡಿನ ಹಳೇ ಸ್ಪೋರ್ಟ್ಸ್ ಕಾರು. ಹುಟ್ಟಿದ್ದು ಆ್ಯಬಿಂಗ್ಡನ್‌ನಲ್ಲಿ, ನಾನಿರುವ ರೆಡಿಂಗ್‌ನಿಂದ ಮುಕ್ಕಾಲು ಗಂಟೆ ದಾರಿ. ತವರು ಇಷ್ಟು ಹತ್ತಿರ ಇದ್ದರೂ ಮುನಿಸು ಕಮ್ಮಿ ಇಲ್ಲ. ಸಿಗ್ನಲ್‌ನಲ್ಲಿ ನಿಂತರೆ ಇಂಜಿನ್ ತೊದಲುತ್ತಿತ್ತು. ಕ್ಯಾಪ್ ತೆಗೆದು ನೋಡಿದರೆ ನಡುವಿನ ಶಾಫ್ಟನ್ನು ಹಿಡಿದಿಡೋ ಬುಷ್ ಸವೆದು ಶಾಫ್ಟ್ ಅಲ್ಲಾಡುತ್ತಿದೆ. ಕಿಡಿ ಹುಟ್ಟಿಸೋ ಪುಟ್ಟ ಸ್ವಿಚ್ಚು, ಅಂದರೆ ಪಾಯಿಂಟ್, ತೆರೆದಾಗ ಗ್ಯಾಪ್ ಇರಬೇಕಾದ್ದು ಸುಮಾರು 0.4 ಮಿಲಿಮೀಟರ್. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಆ ಪಾಯಿಂಟ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ಶಾಫ್ಟೇ ಕುಣಿದರೆ ಗ್ಯಾಪ್ ಎಲ್ಲಿ ನಿಲ್ಲುತ್ತೆ?

ಸರಿ, ಪೂರ್ತಿ ಬಿಚ್ಚಿದೆ. ವ್ಯಾಕ್ಯೂಮ್ ಯೂನಿಟ್ಟಿನ ಸರ್ಕ್ಲಿಪ್ ಅನ್ನೋ ಪುಟ್ಟ ಉಂಗುರ ಟಿಂಗ್ ಅಂತ ಹಾರಿ ಕಾಣೆಯಾಯಿತು. ಮೂರು ದಿನ ಆದ ಮೇಲೆ ಒಗ್ಗರಣೆ ಹೊತ್ತಲ್ಲಿ ಸಾಸಿವೆ ಡಬ್ಬದೊಳಗೆ ಸಿಕ್ಕಿತು. ಅವತ್ತಿನ ಸಾರಿನ ಬಗ್ಗೆ ನಾನು ಮಾತಾಡಲ್ಲ.

ವೇಗಕ್ಕೆ ತಕ್ಕಂತೆ ಕಿಡಿಯ ಹೊತ್ತು ಬದಲಿಸೋದಕ್ಕೆ ಒಳಗೆ ಎರಡು ಪುಟ್ಟ ತೂಕದ ಬಿಲ್ಲೆ, ಅವಕ್ಕೆ ಎರಡು ಸ್ಪ್ರಿಂಗ್. ಒಂದು ಬಿಗಿಯಾಗಿತ್ತು, ದಪ್ಪನೆಯದು ಜೋತುಬಿದ್ದಿತ್ತು. ಸವೆದಿದೆ ಅಂತ ಹೊಸದು ಹುಡುಕುತ್ತಾ ಅರ್ಧ ರಾತ್ರಿ ಕಳೆದೆ. ಅದು ಇರೋದೇ ಹಾಗಂತೆ. ವೇಗ ಏರಿ ಬಿಲ್ಲೆಗಳು ಸಾಕಷ್ಟು ಹೊರಕ್ಕೆ ಸರಿದ ಮೇಲೇ ಅದು ಕೆಲಸಕ್ಕೆ ಇಳಿಯೋದು. ನಮ್ಮ ಆಫೀಸಲ್ಲೂ ಅಂಥವರಿದ್ದಾರೆ.

ಶಾಫ್ಟಿನ ಕೆಳತುದಿಯಲ್ಲಿ ಇಂಜಿನ್ನಿಗೆ ಕಚ್ಚಿಕೊಳ್ಳೋ ಒಂದು ತುಂಡು ಇರುತ್ತೆ, ಡ್ರೈವ್ ಡಾಗ್. ಅದರ ನಾಲಗೆ ಸರಿಯಾಗಿ ನಡುವಲ್ಲಿಲ್ಲ, ಕೂದಲೆಳೆಯಷ್ಟು ಪಕ್ಕಕ್ಕೆ. ಇಂಜಿನ್ ಒಳಗೆ ಒಂದೇ ದಿಕ್ಕಲ್ಲಿ ಕೂರಲಿ ಅಂತ ಬೇಕೆಂದೇ ಹಾಗೆ ಮಾಡಿದ್ದಾರೆ. ನಾಯಿ ಬಾಲ ಡೊಂಕು ಅಲ್ವಾ! ಆದರೆ ಶಾಫ್ಟಿಗೆ ಈ ನಾಯಿಯನ್ನು ಎರಡು ದಿಕ್ಕಲ್ಲೂ ಕೂರಿಸಬಹುದು. ಈ ಸಣ್ಣ ವಿಷಯ ನನಗೆ ಗೊತ್ತಾಗಿದ್ದು ಹೊಸ ಬುಷ್ ಹಾಕಿ, ಪಿನ್ ಬಡಿದು, ಎಲ್ಲ ಜೋಡಿಸಿ, ದೇವರಿಗೆ ಕೈ ಮುಗಿದು ಕೀ ತಿರುಗಿಸಿದಾಗ.

ಭಪ್! ಕಾರ್ಬ್ಯುರೇಟರ್ ಬಾಯಿಂದ ಒಂದು ಕೆಮ್ಮು. ಪಕ್ಕದ ಮನೆ ಬೆಕ್ಕು ಬೇಲಿ ಹಾರಿತು, ಇನ್ನೂ ನನ್ನ ಕಡೆ ನೋಡಲ್ಲ.

ಶಿವಮೊಗ್ಗಕ್ಕೆ ಫೋನ್ ಮಾಡಿದೆ. ಅಪ್ಪ ವರ್ಷಾನುಗಟ್ಟಲೆ ಅಂಬಾಸಡರ್ ಓಡಿಸಿದವರು. ಅದರ 1489 ಸಿಸಿ ಇಂಜಿನ್ನು, ನನ್ನ 1798 ಸಿಸಿ, ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್, ಅಣ್ಣತಮ್ಮಂದಿರು. ಫೋನನ್ನು ಕಾರ್ಬ್ಯುರೇಟರ್ ಹತ್ತಿರ ಹಿಡಿದು ಇನ್ನೊಂದು ಸಲ ಕೀ ತಿರುಗಿಸಿದೆ.

"ನಾಯೀನ ತಿರುಗಾಮುರುಗಾ ಹಾಕಿದೀಯ ಕಣೋ," ಅಂದರು. "ಕಿಡಿ ಹಂಚೋ ರೋಟರ್ ಒಂದನೇ ಸಿಲಿಂಡರ್ ನೋಡೋ ಬದಲು ನಾಲ್ಕನೇದನ್ನು ನೋಡ್ತಿದೆ."

"ಮತ್ತೆ ಬಿಚ್ಚಬೇಕಾ ಅಪ್ಪಾ?"

"ಬ್ಯಾಡ. ಒಂದರ ವೈರು ನಾಲ್ಕಕ್ಕೆ, ಮೂರರದ್ದು ಎರಡಕ್ಕೆ ಅದಲು ಬದಲು ಮಾಡು. ಊಟ ಆಯ್ತಾ?"

ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಹೋಗೋ ಸರದಿ, 1-3-4-2. ಕ್ಯಾಪಿನ ಸುತ್ತ ಎಣಿಸಿದರೆ ಒಂದಕ್ಕೆ ಎದುರು ನಾಲ್ಕು, ಮೂರಕ್ಕೆ ಎದುರು ಎರಡು. ಅಷ್ಟೇ! ಎರಡು ನಿಮಿಷದಲ್ಲಿ ಕಾರು ಎದ್ದಿತು. ಸಿಗ್ನಲ್‌ನಲ್ಲೂ ತೊದಲಲಿಲ್ಲ. ಮರೆಯಬಾರದು ಅಂತ ಬಾನೆಟ್ ಒಳಗೆ ಒಂದು ಚೀಟಿ ಅಂಟಿಸಿದೆ: "ವೈರು ಉಲ್ಟಾ ಇದೆ, ಬೇಕಂತಲೇ. ಮುಟ್ಟಬೇಡಿ." ಅಚ್ಚ ಕನ್ನಡದಲ್ಲಿ.

ಹೋದ ತಿಂಗಳು ಬ್ರೇಕ್ ಕೆಲಸಕ್ಕೆ ಕಾರನ್ನು ಗ್ಯಾರೇಜಿಗೆ ಬಿಟ್ಟಿದ್ದೆ. ಸಂಜೆ ಮೆಕ್ಯಾನಿಕ್ ಫೋನ್ ಮಾಡಿದ. ಬ್ರೇಕ್ ಸರಿ ಆಯ್ತಂತೆ. ಯಾರೋ ಪೆದ್ದ ಪ್ಲಗ್ ವೈರುಗಳನ್ನೆಲ್ಲ ಉಲ್ಟಾ ಹಾಕಿದ್ದನಂತೆ, ಅದನ್ನೂ ಪುಸ್ತಕ ನೋಡಿ ಸರಿ ಮಾಡಿದ್ದಾನಂತೆ, ದುಡ್ಡು ಬೇಡವಂತೆ.

ಆದರೆ ಯಾಕೋ ಈಗ ಕಾರು ಸ್ಟಾರ್ಟ್ ಆಗ್ತಿಲ್ಲವಂತೆ.