ಛತ್ರಿ ಮರೆತಂತೆ ಹಡಗು ಮರೆತವರು

ಬಸ್ಸಿನಲ್ಲಿ ಛತ್ರಿ ಮರೆತು ಬಂದವನು ಮೂರು ದಿನ ಕೊರಗುತ್ತಾನೆ. ಹಡಗು ಮರೆತು ಬಂದವನು ಕೊರಗಿದ್ದನ್ನು ಕಂಡವರಿಲ್ಲ. ಕಾಣುವುದಾದರೂ ಹೇಗೆ, ಅವನು ಕೈಗೆ ಸಿಕ್ಕರೆ ತಾನೇ!

2020ರ ಫೆಬ್ರುವರಿಯ ಬಿರುಗಾಳಿಯೊಂದು ಐರ್ಲೆಂಡಿನ ಬ್ಯಾಲಿಕಾಟನ್ ಎಂಬ ಹಳ್ಳಿಯ ಬಳಿ ಬಂಡೆಗಳ ಮೇಲೆ ಒಂದು ಸರಕು ಹಡಗನ್ನು ತಂದು ಕೂರಿಸಿತು. ಹೆಸರು ‘ಆಲ್ಟಾ’, ಉದ್ದ 77 ಮೀಟರ್, ಒಳಗೆ ನರಪಿಳ್ಳೆಯಿಲ್ಲ. 2018ರಲ್ಲಿ ಅಟ್ಲಾಂಟಿಕ್ ನಡುವೆ ಕೆಟ್ಟು ನಿಂತಾಗ ಅದರಲ್ಲಿದ್ದ ಹತ್ತು ಮಂದಿಯನ್ನು ಅಮೆರಿಕದ ಕರಾವಳಿ ಕಾವಲು ಪಡೆ ಪಾರು ಮಾಡಿತ್ತು. ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅದು ತನ್ನ ಪಾಡಿಗೆ ತೇಲಿತು. ವೀಸಾ ಇಲ್ಲ, ಪಾಸ್‌ಪೋರ್ಟ್ ಇಲ್ಲ. (ಮನುಷ್ಯರು ಹೀಗೆ ತೇಲಿ ಬಂದರೆ ಆಗುವ ಗಲಾಟೆಯೇ ಬೇರೆ.) ಮಾಲೀಕರು ಯಾರಪ್ಪಾ ಎಂದು ಅಧಿಕಾರಿಗಳು ಹುಡುಕಾಡಿದರು. ಓಡೋಡಿ ಬಂದವರು ಮಾತ್ರ ಫೋಟೋ ತೆಗೆಯುವವರು.

ಇದರಲ್ಲಿ ಮಾಲೀಕನ ತಪ್ಪೇನೂ ಇಲ್ಲ, ಬಿಡಿ. ಅವನಿರುವುದು ಒಂದು ದೇಶದಲ್ಲಿ, ಅವನ ಕಂಪನಿ ಇನ್ನೊಂದು ದೇಶದ ಅಂಚೆಪೆಟ್ಟಿಗೆಯಲ್ಲಿ, ಹಡಗಿನ ನೋಂದಣಿ, ಧ್ವಜ ಮೂರನೆಯ ದೇಶದ್ದು. ಆ ಮೂರನೆಯ ದೇಶಕ್ಕೆ ಸಮುದ್ರ ಇರಲೇಬೇಕೆಂಬ ಹಟವೂ ಇಲ್ಲ. ಸುತ್ತಲೂ ನೆಲವೇ ಇರುವ ಮಂಗೋಲಿಯಾ 2003ರಿಂದ ಹಡಗು ನೋಂದಣಿ ನಡೆಸುತ್ತಿದೆ. ಲಾಭ ಬರುವಾಗ ಈ ಮೂರೂ ದೇಶಗಳ ದಾರಿ ಅವನಿಗೆ ಕಣ್ಣುಮುಚ್ಚಿ ಗೊತ್ತು. ಬಿಲ್ಲು ಬಂದಾಗ ಮಾತ್ರ ಪಾಪ, ವಿಳಾಸ ಮರೆತುಹೋಗುತ್ತದೆ.

ಹಾಗಾದರೆ ಹಡಗಿಗೆ ಹೊಣೆ ಯಾರು? ಕಾನೂನು ಇದಕ್ಕೆ ಒಮ್ಮೆ ಅದ್ಭುತವಾದ ಉತ್ತರ ಕಂಡುಕೊಂಡಿತು. 2017ರಲ್ಲಿ ಈಜಿಪ್ಟಿನ ಅದಬಿಯಾ ಬಂದರಿನಲ್ಲಿ, ಪ್ರಮಾಣಪತ್ರಗಳ ಅವಧಿ ಮುಗಿದಿದೆಯೆಂದು ‘ಅಮನ್’ ಎಂಬ ಹಡಗನ್ನು ತಡೆಹಿಡಿದರು. ಇಂಧನದ ಬಾಕಿ ಕಟ್ಟುವವರಿಲ್ಲ, ಮಾಲೀಕರ ಕೈ ಬರಿದು. ಕ್ಯಾಪ್ಟನ್ ದಡದಲ್ಲಿದ್ದ. ಕಣ್ಣಿಗೆ ಬಿದ್ದವನು ಹಡಗಿನಲ್ಲಿ ಕ್ಯಾಪ್ಟನ್ನಿನ ಕೆಳಗಿನ ಮುಖ್ಯ ಅಧಿಕಾರಿ, ಸಿರಿಯಾದವನು. ನ್ಯಾಯಾಲಯ ಅವನನ್ನೇ ಹಡಗಿನ ಪಾಲಕನೆಂದು ಘೋಷಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಎಮ್ಮೆಗೆ ಆ ಬರೆಯನ್ನು ಮೊಹರು ಒತ್ತಿ ಹಾಕಿದರು. ಉಳಿದವರು ಒಬ್ಬೊಬ್ಬರಾಗಿ ಮನೆಗೆ ಹೋದರು. ಇವನು ಹೋಗುವಂತಿಲ್ಲ, ಪಾಲಕನೇ ಹೋದರೆ ಹಡಗು ಅನಾಥವಾಗುವುದಿಲ್ಲವೇ? ಅವನ ತಾಯಿ ತೀರಿಕೊಂಡದ್ದೂ ಈ ನಡುವೆಯೇ. ಕೊನೆಗೆ ವಿದ್ಯುತ್ತಿಲ್ಲದ ಹಡಗಿನಲ್ಲಿ ಒಬ್ಬನೇ ಉಳಿದ. 2020ರಲ್ಲಿ ಬಿರುಗಾಳಿ ಹಡಗನ್ನು ದಡದ ಹತ್ತಿರಕ್ಕೆ ತಳ್ಳಿದ್ದು ಅವನಿಗೆ ಸಿಕ್ಕ ಒಂದೇ ಭಡ್ತಿ: ಅಂದಿನಿಂದ ಈಜಿ ದಡ ಸೇರಿ ಊಟ ತಂದುಕೊಳ್ಳಬಹುದಿತ್ತು, ಫೋನ್ ಚಾರ್ಜ್ ಮಾಡಬಹುದಿತ್ತು.

2021ರ ಮಾರ್ಚ್‌ನಲ್ಲಿ ಅಲ್ಲೇ ಪಕ್ಕದ ಸೂಯೆಜ್ ಕಾಲುವೆಯಲ್ಲಿ ‘ಎವರ್ ಗಿವನ್’ ಎಂಬ ದೈತ್ಯ ಸರಕು ಹಡಗು ಅಡ್ಡಡ್ಡ ಸಿಕ್ಕಿಕೊಂಡಿತು. ಆರು ದಿನ ಇಡೀ ಜಗತ್ತು ಊಟ ನಿದ್ದೆ ಬಿಟ್ಟು ಅದನ್ನೇ ನೋಡಿತು. ಸುಮಾರು ನಾಲ್ಕು ವರ್ಷದಿಂದ ಸಿಕ್ಕಿಕೊಂಡಿದ್ದವನು ಮನೆಗೆ ಹೊರಟದ್ದು ಮುಂದಿನ ತಿಂಗಳು. ಅವನು ಸಿಕ್ಕಿಕೊಂಡಿದ್ದರಿಂದ ಯಾರ ಟಿವಿ, ಯಾರ ಸೋಫಾ ತಡವಾಗಿತ್ತು ಹೇಳಿ?

ನಿಯಮಗಳಿಲ್ಲ ಎನ್ನಬೇಡಿ, ಬೇಕಾದಷ್ಟಿವೆ. ಎರಡು ತಿಂಗಳು ಸಂಬಳ ಕೊಡದಿದ್ದರೆ ನಾವಿಕರನ್ನು ಕೈಬಿಟ್ಟಂತೆ ಎಂದು ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತದೆ. ನಾಲ್ಕು ತಿಂಗಳವರೆಗಿನ ಬಾಕಿಗೆ ವಿಮೆ ಇರಬೇಕು. ಐದನೆಯ ತಿಂಗಳಿನಿಂದ ಹಸಿವಾಗುವುದಿಲ್ಲ ಎಂಬುದು ಪ್ರಾಜ್ಞರ ಅಭಿಪ್ರಾಯವಿರಬೇಕು.

ಮರೆತ ಹಡಗೆಲ್ಲ ಹೀಗೆ ಸುಮ್ಮನೆ ತುಕ್ಕು ಹಿಡಿಯುತ್ತ ಕೂರುವುದಿಲ್ಲ. 2013ರಲ್ಲಿ ಲೆಬನಾನಿನ ಬೈರೂತ್ ಬಂದರಿನಲ್ಲಿ ತಡೆಹಿಡಿದ ‘ರೋಸಸ್’ ಎಂಬ ಹಡಗನ್ನು ಮಾಲೀಕ ಕೈಬಿಟ್ಟ. ಅದರಲ್ಲಿದ್ದ, ಗೊಬ್ಬರಕ್ಕೂ ಸಿಡಿಮದ್ದಿಗೂ ಬಳಸುವ 2,750 ಟನ್ ಅಮೋನಿಯಂ ನೈಟ್ರೇಟನ್ನು ಬಂದರಿನ ಗೋದಾಮಿಗೆ ಸಾಗಿಸಿದರು. ಹಡಗು 2018ರಲ್ಲಿ ಅಲ್ಲೇ ಮುಳುಗಿತು. ಪತ್ರಗಳು ಕಚೇರಿಯಿಂದ ಕಚೇರಿಗೆ ಓಡಾಡಿದವು, ಮೂಟೆಗಳು ಮಾತ್ರ ಕದಲಲಿಲ್ಲ. 2020ರ ಆಗಸ್ಟ್ 4ರಂದು ಅವು ಸಿಡಿದವು. 200ಕ್ಕೂ ಹೆಚ್ಚು ಜನ ಸತ್ತರು. ವಿಡಂಬನೆಗೆ ಇಲ್ಲಿ ಕೆಲಸವಿಲ್ಲ.

ಇದೆಲ್ಲ ದೊಡ್ಡವರ ಆಟ ಎಂದು ಸಣ್ಣ ದೋಣಿಯ ಯಜಮಾನರು ಎದೆಗುಂದಬೇಕಿಲ್ಲ. ಹಡಗಿನ ಅವಶೇಷ ತೆಗೆಸುವ ಖರ್ಚಿಗೆ ಮಾಲೀಕರು ವಿಮೆ ಮಾಡಿಸಿರಬೇಕೆಂದು 2007ರ ನೈರೋಬಿ ಒಪ್ಪಂದ ವಿಧಿಸುವುದು 300 ಟನ್ನೇಜ್ ಮುಟ್ಟಿದ ಹಡಗುಗಳಿಗೆ. ಅದಕ್ಕಿಂತ ಚಿಕ್ಕದಾದರೆ ನಿಮ್ಮ ಅದೃಷ್ಟ. ಫೈಬರ್ ದೋಣಿಯಂತೂ ತುಕ್ಕು ಹಿಡಿಯುವುದಿಲ್ಲ, ಕೊಳೆಯುವುದಿಲ್ಲ, ಗುಜರಿಯವನೂ ಮುಟ್ಟುವುದಿಲ್ಲ. ಮಾರಿದರೆ ಬರುವುದಕ್ಕಿಂತ ಒಡೆಸಲು ಕೊಡಬೇಕಾದ್ದೇ ಹೆಚ್ಚು. ಆದ್ದರಿಂದ ಯಜಮಾನ ಒಂದು ರಾತ್ರಿ ಟಾರ್ಚು, ಉಜ್ಜುಕಾಗದ ಹಿಡಿದು ಹೋಗುತ್ತಾನೆ. ಮಗಳ ಹೆಸರಿಟ್ಟಿದ್ದನೋ ಹೆಂಡತಿಯ ಹೆಸರಿಟ್ಟಿದ್ದನೋ, ಅದನ್ನೂ ನೋಂದಣಿ ಸಂಖ್ಯೆಯನ್ನೂ ಬಹಳ ಅಚ್ಚುಕಟ್ಟಾಗಿ ಉಜ್ಜಿ ಅಳಿಸುತ್ತಾನೆ. ಎಷ್ಟೋ ವರ್ಷಗಳಲ್ಲಿ ಆ ದೋಣಿಗೆ ಅವನು ಮಾಡಿದ ಒಂದೇ ರಿಪೇರಿ ಅದು.