ಗೀಸರ್ ಹೊತ್ತಿಕೊಂಡರೆ ಸಾಲದು

ಬೆಂಗಳೂರಿಗೆ ಚಳಿ ಬಿತ್ತೆಂದರೆ ಪತ್ರಿಕೆಗಳಲ್ಲಿ ಮತ್ತೆ ಅದೇ ಸುದ್ದಿ: ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ, ಬಾಗಿಲು ಒಡೆದು ನೋಡಿದರೆ ಗ್ಯಾಸ್ ಗೀಸರ್ ಉರಿಯುತ್ತಲೇ ಇತ್ತು. ಇಂಗ್ಲೆಂಡಿನಲ್ಲಿ ಕೂತು ಓದುವಾಗ ದುಃಖದ ಜೊತೆ ಸಿಟ್ಟೂ ಬರುತ್ತದೆ.

ಇಲ್ಲಿ ಮನೆ ಬೆಚ್ಚಗಿಡುವ, ನೀರು ಕಾಯಿಸುವ ಗ್ಯಾಸ್ ಬಾಯ್ಲರ್ ನೋಡಲು ಬರುವವರ ಬಳಿ ಗ್ಯಾಸ್ ಸೇಫ್ ರಿಜಿಸ್ಟರ್‌ನ, ಅಂದರೆ ಗ್ಯಾಸ್ ಕೆಲಸಕ್ಕೆ ಅರ್ಹರಾದವರ ಅಧಿಕೃತ ಪಟ್ಟಿಯ, ಗುರುತಿನ ಚೀಟಿ ಇರುತ್ತದೆ. ಹೊಗೆಕೊಳವೆಯ ರಂಧ್ರಕ್ಕೆ ಹೊಗೆ ಪರೀಕ್ಷಿಸುವ ಅನಲೈಸರ್ ಯಂತ್ರದ ಕಡ್ಡಿ ತೂರಿಸಿ, ದೊಡ್ಡ ಉರಿಯಲ್ಲೊಮ್ಮೆ, ಸಣ್ಣ ಉರಿಯಲ್ಲೊಮ್ಮೆ, ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್‌ಗಳ ಅನುಪಾತ ಅಳೆಯುತ್ತಾರೆ. ಅದು 0.004 ದಾಟಿದರೆ ಬರ್ನರ್, ಸೀಲು, ಗಾಳಿಯ ದಾರಿ ನೋಡಿ, ಬೇಕಿದ್ದರೆ ತಯಾರಕರು ಹೇಳಿದ ಅಳತೆಗೆ ಗ್ಯಾಸ್ ವಾಲ್ವ್ ಹೊಂದಿಸುತ್ತಾರೆ. ಬಾಡಿಗೆ ಮನೆಗಳಲ್ಲಿ 12 ತಿಂಗಳಿಗೊಮ್ಮೆ ಸುರಕ್ಷತಾ ತಪಾಸಣೆ ಕಡ್ಡಾಯ.

ನಮ್ಮಲ್ಲಿ ಮೆಕ್ಯಾನಿಕ್‌ಗೆ ಫೋನ್ ಹೋಗುವುದು ಗೀಸರ್ ಹೊತ್ತದಿದ್ದಾಗ ಮಾತ್ರ. ಎರಡು ದಪ್ಪ ಸೆಲ್ಲು ಬದಲಿಸಿ, ವಾಲ್ವ್ ಒಳಗಿನ ಹರಿದ ರಬ್ಬರ್ ಪೊರೆ (ಡಯಾಫ್ರಮ್) ತೆಗೆದು ಹೊಸದು ಕೂರಿಸಿ, ಟಕಟಕ ಎಂದು ಹೊತ್ತಿಕೊಂಡರೆ ದುಡ್ಡು ಕೊಟ್ಟು ಕಳಿಸಿಬಿಡುತ್ತೇವೆ. ಉರಿ ಯಾವ ಬಣ್ಣದ್ದೆಂದು ನೋಡುವವರಿಲ್ಲ. ಬರ್ನರ್ ತೂತಿಗೆ ಧೂಳು, ಜೇಡರ ಬಲೆ ಕಟ್ಟಿದರೆ ಗಾಳಿ ಸಾಲದೆ ನೀಲಿ ಉರಿ ಹಳದಿಯಾಗುತ್ತದೆ. ಮಸಿ ನೀರು ಕಾಯಿಸುವ ತಾಮ್ರದ ರೆಕ್ಕೆಗಳ ಸಂದಿಯಲ್ಲಿ ಕೂತು ಹೊಗೆಯ ದಾರಿ ಕಟ್ಟುತ್ತದೆ, ವಿಷಾನಿಲ ಇನ್ನಷ್ಟು ಹೆಚ್ಚುತ್ತದೆ. ಹಂಡೆಯ ಒಲೆಯಾದರೆ ಹೊಗೆ ಕಣ್ಣುರಿಸಿ ಎಚ್ಚರಿಸುತ್ತಿತ್ತು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸಿಲಿಂಡರ್ ಸೋರಿದಾಗ ಬರುವ ನಾತ ಬೇಕೆಂದೇ ಬೆರೆಸಿದ್ದು. ಗ್ಯಾಸ್ ಉರಿದ ಮೇಲೆ ಅದೂ ಉಳಿಯುವುದಿಲ್ಲ.

ಸ್ವಚ್ಛವಾದ ಗೀಸರ್ ಕೂಡ ಮುಚ್ಚಿದ ಬಚ್ಚಲಿನಲ್ಲಿ ಗಾಳಿ ಸಾಲದೆ ವಿಷಾನಿಲ ಬಿಡುತ್ತದೆ. ಇಂಗ್ಲೆಂಡಿನ ಬಾಯ್ಲರ್ ಜೋಡಿ ಕೊಳವೆಯಿಂದ ಹೊರಗಿನ ಗಾಳಿ ಎಳೆದು ಹೊಗೆಯನ್ನು ಹೊರಕ್ಕೇ ಬಿಡುತ್ತದೆ. ನಮ್ಮದು ಮೀಯುವವರ ಉಸಿರಿನ ಗಾಳಿಯನ್ನೇ ತಿನ್ನುತ್ತದೆ. ಚಳಿಯೆಂದು ವೆಂಟಿಲೇಟರ್ ಗಾಜು ಮುಚ್ಚಿ, ಎಣ್ಣೆಸ್ನಾನದ ದಿನ ಒಬ್ಬರಾದ ಮೇಲೊಬ್ಬರು ಮಿಂದರೆ ಆಮ್ಲಜನಕ ಇಳಿಯುತ್ತಲೇ ಹೋಗುತ್ತದೆ. ಎಕ್ಸಾಸ್ಟ್ ಫ್ಯಾನ್ ಇದೆಯೆಂದು ನೆಮ್ಮದಿ ಪಡುವಂತಿಲ್ಲ. ಒಳಗೆ ಗಾಳಿ ಬರುವ ದಾರಿಯೇ ಇಲ್ಲದಿದ್ದರೆ ಅದು ಹೊಗೆಯನ್ನು ವಾಪಸ್ ಕೋಣೆಗೆ ಎಳೆಯಬಲ್ಲದು. ಗೀಸರ್ ಯುಟಿಲಿಟಿಯ ಬಯಲಲ್ಲಿರಬೇಕು, ಬಚ್ಚಲಿಗೆ ಬಿಸಿನೀರಿನ ಪೈಪು ಮಾತ್ರ ಬರಬೇಕು. ಬಾಡಿಗೆ ಮನೆಯಾದರೂ ಓನರ್ ಹತ್ತಿರ ಹಟ ಹಿಡಿದು ಮಾಡಿಸಿಕೊಳ್ಳಬೇಕಾದ ಕೆಲಸವಿದು.

ಇಲ್ಲಿ ಇಂಗ್ಲೆಂಡಿನಲ್ಲಿ ಎಲ್ಲವೂ ಸರಿಯಿದೆಯೆಂದಲ್ಲ. ಸ್ವಂತ ಮನೆಗೆ ಈ ತಪಾಸಣೆ ಕಡ್ಡಾಯವಿಲ್ಲ, ಮುಂದೂಡುವವರು ಇಲ್ಲೂ ಇದ್ದಾರೆ. ಹಿಮ ಕಟ್ಟಿದ ಬೆಳಿಗ್ಗೆ ಹೊಗೆ ತಣಿದು ಆದ ನೀರನ್ನು ಹೊರಬಿಡುವ ಕಂಡೆನ್ಸೇಟ್ ಪೈಪು ಹೆಪ್ಪುಗಟ್ಟಿ ಬಾಯ್ಲರ್ ನಿಂತರೆ, ಎಲ್ಲರೂ ಒಟ್ಟಿಗೆ ಫೋನ್ ಮಾಡುವುದರಿಂದ ಜನ ಸಿಗುವುದಿಲ್ಲ. ಪೈಪಿನ ಮೇಲೆ ಬೆಚ್ಚಗಿನ ನೀರು ಹೊಯ್ದರೆ ಹೆಪ್ಪು ಕರಗುತ್ತದೆ, ಕುದಿಯುವ ನೀರು ಹೊಯ್ದರೆ ಒಡೆಯಬಹುದು. ಬೆಂಗಳೂರಿನ ಗಲ್ಲಿಯ ಮೆಕ್ಯಾನಿಕ್ ಕರೆದ ಸಂಜೆಯೇ ಬಂದು, ಇಡೀ ವಾಲ್ವ್ ಬದಲಿಸದೆ ಒಳಗಿನ ಡಯಾಫ್ರಮ್ ಒಂದನ್ನೇ ಹಾಕಿಕೊಡುತ್ತಾನೆ. ಆ ಕೈಚಳಕ ಇಲ್ಲಿ ಅಪರೂಪ. ನೀರು ತುಂಬುವ ಹಬ್ಬಕ್ಕೆ ಮೊದಲೇ ಅವನನ್ನು ಕರೆಸಿ, ಬರ್ನರ್ ಬಿಚ್ಚಿ ಮಸಿ ತೆಗೆಯಲು ಹೇಳಿ. ಅರ್ಧ ಗಂಟೆ ಹೆಚ್ಚು ಹಿಡಿದರೆ ಅದರ ಕೂಲಿಯನ್ನೂ ಕೊಡಿ.